ಕರೆಂಟ್ ಬ್ರಷ್ಷಿನ ರಾಯರು

ಮೈಸೂರಿನ ಸರಸ್ವತಿಪುರಂನಲ್ಲೂ ಒಬ್ಬರು ಸಿಗುತ್ತಾರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಸಿಗುತ್ತಾರೆ. ಇಲ್ಲಿ ಹೇಳಹೊರಟದ್ದು ಬೆಂಗಳೂರಿನ ಜಯನಗರದವರ ಕಥೆ. ಕಂದಾಯ ಇಲಾಖೆಯಲ್ಲಿ ಕೂತು ಕೆಳಗಿನವರ ಟಿಪ್ಪಣಿ ತಿದ್ದಿ ತಿದ್ದಿ ನಿವೃತ್ತರಾದವರು. ಮಗ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್. ಹೆಸರು ಬೇಡ, ರಾಯರು ಎಂದರೆ ಸಾಕು. ದಾರಿಯಲ್ಲಿ ಯಾರಾದರೂ ‘ತಿಂಡಿ ಆಯ್ತಾ ಸಾರ್’ ಎಂದು ಕೇಳಿದರೆ ಇವರ ಉತ್ತರ ಹಲ್ಲುಜ್ಜಿದ ವರದಿಯಿಂದ ಶುರುವಾಗುತ್ತದೆ.

ಬಾದಾಮಿ, ಚಾಕೊಲೆಟ್, ವಿಟಮಿನ್ ಮಾತ್ರೆಗಳ ಜೊತೆ ಮಗನ ಸೂಟ್‌ಕೇಸಿನಲ್ಲಿ ಬಂದದ್ದು ಈ ಕರೆಂಟ್ ಬ್ರಷ್ಷು. ಅವನು ವಾಪಸ್ಸು ವಿಮಾನ ಹತ್ತಿದ ರಾತ್ರಿಯೇ ರಾಯರು ಚಾರ್ಜರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರು. ಅಮೆರಿಕದ ಮನೆಗಳಲ್ಲಿ ಹರಿಯುವುದು 120 ವೋಲ್ಟ್, ನಮ್ಮಲ್ಲಿ 230. ಫೋನು, ಲ್ಯಾಪ್‌ಟಾಪುಗಳ ಚಾರ್ಜರ್ ಸಾಮಾನ್ಯವಾಗಿ ಎರಡನ್ನೂ ತಾಳಿಕೊಳ್ಳುತ್ತದೆ. ಅಲ್ಲಿ ಮಾರುವ ಎಷ್ಟೋ ಬ್ರಷ್ಷುಗಳ ಚಾರ್ಜರ್ ತಾಳುವುದಿಲ್ಲ. ಹಾಗೆಂದು ಅದರ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತದೆ. ಕಂಡವರ ಕಡತದಲ್ಲಿ ತಪ್ಪಿಹೋದ ಅಲ್ಪವಿರಾಮವನ್ನೂ ಹುಡುಕಿ ತೆಗೆಯುತ್ತಿದ್ದ ರಾಯರ ಕಣ್ಣಿಗೆ ಅದು ಬೀಳಲಿಲ್ಲ. ಸುಟ್ಟ ವಾಸನೆ ಮಾತ್ರ ಮೂಗಿಗೆ ಬಡಿಯಿತು.

ರಾಯರು ಎದೆಗುಂದುವವರಲ್ಲ. ಮಗ ಯಾರದೋ ಕೈಯಲ್ಲಿ ಇನ್ನೊಂದು ಚಾರ್ಜರ್ ಕಳಿಸಿದ. ಇವರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು, ಎಸ್.ಪಿ. ರೋಡಿನಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು ತಂದರು. ಬ್ರಷ್ಷಿಗಿಂತ ಎಷ್ಟೋ ಪಟ್ಟು ದಪ್ಪದ ಆ ಡಬ್ಬಿ ಈಗ ದೇವರಮನೆಯ ಪಕ್ಕದ ಗೂಡಿನಲ್ಲಿ ಗುಂಯ್ ಎನ್ನುತ್ತಾ ಕೂತಿದೆ. ಅದನ್ನು ನೋಡದ ಅತಿಥಿಗೆ ಆ ಮನೆಯಲ್ಲಿ ಕಾಫಿ ಇಲ್ಲ.

“ರೀ, ಬಾಯೊಳಗೆ ಕರೆಂಟು, ಮೇಲಿಂದ ನೀರು ಬೇರೆ. ಏನಾದ್ರೂ ಆದ್ರೆ?” ಎಂದು ಮನೆಯಾಕೆ ಕೇಳಿದ್ದೇ ತಪ್ಪಾಯಿತು. ರಾಯರು ಶುರು ಮಾಡಿದರು. ಸ್ಟ್ಯಾಂಡಿನೊಳಗೆ ಒಂದು ತಂತಿಯ ಸುರುಳಿ, ಬ್ರಷ್ಷಿನ ಬುಡದಲ್ಲಿ ಇನ್ನೊಂದು; ನಡುವೆ ಪ್ಲಾಸ್ಟಿಕ್. ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಕಾಂತಕ್ಷೇತ್ರದಿಂದಲೇ ಬ್ಯಾಟರಿ ತುಂಬುತ್ತದೆ, 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವ ಇದು. ನಿಜವಾಗಿ ಗೋಡೆಯ ಕರೆಂಟನ್ನು ವೈರಿನಲ್ಲಿ ಎಳೆದು ತಂದದ್ದು 1954ರ ಬ್ರಾಕ್ಸೊಡೆಂಟ್ ಎಂಬ ಬ್ರಷ್ಷು. ಸ್ವಿಟ್ಜರ್ಲೆಂಡಿನ ಡಾ. ಫಿಲಿಪ್ ಗೀ ವೂಗ್ ಅದನ್ನು ಮಾಡಿದ್ದು ಕೈಯಾಡಿಸಲು ಕಷ್ಟಪಡುವ ರೋಗಿಗಳಿಗೆ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ. ವೈರಿಲ್ಲದ, ಬ್ಯಾಟರಿ ಚಾರ್ಜ್ ಮಾಡಿಕೊಂಡು ಓಡುವ ಬ್ರಷ್ಷನ್ನು 1961ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ತಂದರು.

“ಕೈಲಾಗದೋರಿಗೆ ಅಂತ ಮಾಡಿದ್ದಾ? ಹಾಗಾದ್ರೆ ಸರಿ ಬಿಡಿ” ಎಂದು ಆಕೆ ಒಗ್ಗರಣೆಗೆ ಹೋದರು.

ಈ ಬ್ರಷ್ಷನ್ನು ಬಳಸುವ ವಿದ್ಯೆ ಎಂದರೆ, ಹೆಚ್ಚೇನೂ ಮಾಡದಿರುವುದು. ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಬಾಯೊಳಗೆ ಇಟ್ಟ ಮೇಲೆಯೇ ಗುಂಡಿ ಒತ್ತಬೇಕು. ಮೊದಲೇ ಒತ್ತಿದರೆ ನೊರೆಯೆಲ್ಲ ಕನ್ನಡಿಗೆ ಅಭಿಷೇಕ. ಹಲ್ಲು ವಸಡು ಸೇರುವ ಅಂಚಿಗೆ ಹಗುರವಾಗಿ ತಾಗಿಸಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಸುತ್ತಾ ಹೋದರಾಯಿತು, ತಿಕ್ಕುವ ಕೆಲಸ ಅದರದು. ರಾಯರಿಗೆ ಆಗದಿರುವುದು ಇದೇ. ಕೈಕೆಳಗಿನವರನ್ನು ಅವರ ಪಾಡಿಗೆ ಬಿಟ್ಟು ಅವರಿಗೆ ಅಭ್ಯಾಸವಿಲ್ಲ. ಬ್ರಷ್ಷು ತಾನೇ ತಿರುಗುತ್ತಿದ್ದರೂ ಅದರ ಮೇಲೆ ತಾವೂ ಗರಗರ ಉಜ್ಜುತ್ತಾರೆ. ಜೋರಾಗಿ ಒತ್ತಿದರೆ ಅದರ ಕತ್ತಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಸೇವಾವಧಿಯಲ್ಲಿ ಒಂದು ಮೆಮೊ ಕೂಡ ಪಡೆಯದವರಿಗೆ ಈಗ ದಿನಕ್ಕೆರಡು ಮೆಮೊ. ಅದನ್ನು ಅವರು ಬಹಳ ಕಾಲ ‘ಫುಲ್ ಪವರ್’ ಎಂದೇ ತಿಳಿದಿದ್ದರು. ಹಲ್ಲಿನ ಡಾಕ್ಟರು ವಸಡು ಹಿಂದೆ ಸರಿದದ್ದನ್ನು ಕನ್ನಡಿಯಲ್ಲಿ ತೋರಿಸಿದ ಮೇಲೆ ಅರ್ಥ ತಿಳಿಯಿತು, ಅಭ್ಯಾಸ ಬಿಡಲಿಲ್ಲ.

ಎರಡು ನಿಮಿಷ ಉಜ್ಜಬೇಕು; ಮೂವತ್ತು ಸೆಕೆಂಡಿಗೊಮ್ಮೆ ಬ್ರಷ್ಷು ಬಿಕ್ಕಳಿಸಿ, ಬಾಯಿಯ ಮುಂದಿನ ಕಾಲುಭಾಗಕ್ಕೆ ಹೋಗು ಎನ್ನುತ್ತದೆ. ಈ ಏರ್ಪಾಟು ಮಾತ್ರ ರಾಯರಿಗೆ ಬಹಳ ಹಿಡಿಸಿದೆ. ರಾಜ್ಯದಲ್ಲಿ ಕಂದಾಯ ವಿಭಾಗಗಳೂ ನಾಲ್ಕೇ ತಾನೆ? ಮೇಲಿನ ಬಲ ಬೆಂಗಳೂರು, ಮೇಲಿನ ಎಡ ಮೈಸೂರು, ಕೆಳಗಿನ ಎಡ ಬೆಳಗಾವಿ, ಕೊನೆಗೆ ಉಳಿಯುವುದು ಕಲಬುರಗಿ. ಫೋನು ಬಂದು ನಡುವೆ ನಿಲ್ಲಿಸಿದ ದಿನ “ಇವತ್ತೂ ಕಲಬುರಗಿಗೆ ಅನ್ಯಾಯ ಆಯ್ತು” ಎಂದು ಪೇಚಾಡುತ್ತಾರೆ.

ಅಂಕಿಅಂಶವೂ ಬಾಯಲ್ಲಿದೆ. ಕಾಕ್ರೇನ್ ಸಂಸ್ಥೆ 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಮೂರು ತಿಂಗಳಿಗೂ ಮೀರಿ ಬಳಸಿದವರಲ್ಲಿ ಸಾಧಾರಣ ಬ್ರಷ್ಷಿಗಿಂತ ಕರೆಂಟ್ ಬ್ರಷ್ಷು ಹಲ್ಲಿನ ಪಾಚಿಯನ್ನು ಶೇ. 21ರಷ್ಟು, ವಸಡಿನ ಉರಿಯೂತವನ್ನು ಶೇ. 11ರಷ್ಟು ಹೆಚ್ಚು ತಗ್ಗಿಸುತ್ತದೆ ಎಂದಿತ್ತು. ರಾಯರು 21ನ್ನು ಮಾತ್ರ ಹೇಳುತ್ತಾರೆ. 2024ರಲ್ಲಿ ಮೂವತ್ತು ಲಕ್ಷ ಬ್ರಷ್ಷುಗಳು ಸೇರಿ ಸೈಬರ್ ದಾಳಿ ನಡೆಸಿದವು ಎಂದು ಸ್ವಿಸ್ ಪತ್ರಿಕೆಯೊಂದರಲ್ಲಿ ಬಂದಾಗ ಬಡಾವಣೆಯ ವಾಟ್ಸಾಪ್ ಗುಂಪಿಗೆ ಮೊದಲು ಹಾಕಿದವರೂ ಇವರೇ. ಅದು ನಡೆದ ಘಟನೆಯಲ್ಲ, ಬರೀ ಉದಾಹರಣೆ ಎಂದು ಪತ್ರಿಕೆ ಉಲ್ಲೇಖಿಸಿದ್ದ ಭದ್ರತಾ ಕಂಪನಿಯೇ ಆಮೇಲೆ ತಿಳಿಸಿತು. ಅದನ್ನು ಇವರು ಫಾರ್ವರ್ಡ್ ಮಾಡಲಿಲ್ಲ.

ಭಾನುವಾರ ಬ್ರಷ್ಷಿಗೆ ಅಭ್ಯಂಜನ. ತಲೆಯನ್ನು ಎಳೆದು ತೆಗೆದರೆ ಕಡ್ಡಿಯ ಸುತ್ತ ಪೇಸ್ಟು, ಎಂಜಲು ಸೇರಿದ ಕಪ್ಪು ಲೋಳೆ. ಅಂಚಿನಲ್ಲಿ ಬೋರ್‌ವೆಲ್ ನೀರಿನ ಬಿಳಿ ಗಟ್ಟಿ. ವಾರಕ್ಕೊಮ್ಮೆಯಾದರೂ ಇದನ್ನು ತೊಳೆದು, ಒರೆಸಿ, ಒಣಗಿಸದಿದ್ದರೆ ನಾತ ಹೊಡೆಯುತ್ತದೆ. ಆ ಸಂದಿಗೆ ಬೆರಳು ಹೋಗುವುದಿಲ್ಲ, ಹಾಗಾಗಿ ರಾಯರು ಇಪ್ಪತ್ತು ರೂಪಾಯಿಯ ಸಾದಾ ಬ್ರಷ್ಷೊಂದನ್ನು ಇಟ್ಟುಕೊಂಡಿದ್ದಾರೆ.

ಮನೆಯಾಕೆಯ ತಕರಾರು ಬೇರೆ. ಹಳೇ ಬ್ರಷ್ಷು ಎಂದರೆ ಮನೆಗೆ ಎಷ್ಟು ಉಪಯೋಗ! ಬಾಚಣಿಗೆ ಉಜ್ಜಬಹುದು, ಹಿಡಿಯಿಂದ ಲಂಗಕ್ಕೆ ಲಾಡಿ ಪೋಣಿಸಬಹುದು. ಈ ತಲೆಗೆ ಹಿಡಿಯೇ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯಿಂದ ಗುರ್ರ್ ಎಂಬ ಸದ್ದು ಬಂತೆಂದು ರಾಯರು ಇಣುಕಿದರೆ, ಆಕೆ ಹಳೇ ತಲೆಯನ್ನು ಯಂತ್ರಕ್ಕೆ ಸಿಕ್ಕಿಸಿ, ವಿಭೂತಿ ಹಚ್ಚಿದ ಬೆಳ್ಳಿ ದೀಪದ ಕೆತ್ತನೆಯನ್ನು ಉಜ್ಜುತ್ತಿದ್ದಾರೆ. ದೀಪ ಫಳಫಳ. ರಾಯರು ಕೂಗಾಡಬೇಕೆಂದು ಬಾಯಿ ತೆರೆದರು. ಬಂದ ಮಾತೇ ಬೇರೆ: “ಒತ್ತಬೇಡ ಕಣೇ, ಅದರ ಪಾಡಿಗೆ ಅದು ಮಾಡುತ್ತೆ.”

“ನಾನೆಲ್ಲಿ ಒತ್ತಿದೆ? ಕೆಂಪು ದೀಪ ಬಂದಿದ್ಯಾ ನೋಡಿ” ಎಂದರು ಆಕೆ.

ತಲೆಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಅದರ ನೀಲಿ ಎಳೆಗಳು ಅರ್ಧ ಬಿಳಿಚಿದರೆ ಕಾಲ ಮುಗಿಯಿತೆಂದು ಅರ್ಥ. ರಾಯರ ತಲೆಯ ಎಳೆಗಳು ಪೂರ್ತಿ ಬೆಳ್ಳಗಾಗಿ, ಅರಳಿ, ಅತ್ತಿತ್ತ ಮಲಗಿವೆ. ಇಲ್ಲಿಯೇ ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದರೆ ‘ಅಲ್ಲಿನ ಮಾಲೇ ಬೇರೆ’ ಎನ್ನುತ್ತಾರೆ. ಆದ್ದರಿಂದ ಓದುಗರಲ್ಲಿ ಯಾರ ಕಡೆಯವರಾದರೂ ಈ ತಿಂಗಳು ಅಮೆರಿಕದಿಂದ ಬರುವವರಿದ್ದು, ಸೂಟ್‌ಕೇಸಿನ ಮೂಲೆಯಲ್ಲಿ ಅಂಗೈಯಗಲ ಜಾಗವಿದ್ದರೆ ದಯವಿಟ್ಟು ತಿಳಿಸಿ. ಮಾಡೆಲ್ ನಂಬರನ್ನು ರಾಯರೇ ವಾಟ್ಸಾಪ್ ಮಾಡುತ್ತಾರೆ.