ಸ್ಟೆಪ್ನಿಪತಿ

ಸ್ಟೆಪ್ನಿಪತಿ ಎಂದರೆ ತನ್ನ ಜೀಪಿನ ನಾಲ್ಕು ಚಕ್ರಗಳಿಗಿಂತ ಐದನೆಯದನ್ನೇ ಹೆಚ್ಚು ಪ್ರೀತಿಸುವ ಗೃಹಸ್ಥ. ವಯಸ್ಸು ಮೂವತ್ತೈದರಿಂದ ಐವತ್ತರ ನಡುವೆ. ವಾಸ ಬೆಂಗಳೂರಿನ ಅಪಾರ್ಟ್‌ಮೆಂಟು, ಉದ್ಯೋಗ ಕಂಪ್ಯೂಟರಿನ ಮುಂದೆ. ವಾಹನ ಥಾರ್, ಜಿಮ್ನಿ, ಗೂರ್ಖಾ, ಇಲ್ಲವೇ ಸಕಲೇಶಪುರದ ಕಡೆಯ ಯಾವುದೋ ತೋಟದಿಂದ ಕೆಸರಿನ ಸಮೇತ ಕೊಂಡು ತಂದ ಹಳೆಯ ಜಿಪ್ಸಿ. ವಾರದ ಐದು ದಿನ ಆ ವಾಹನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೊದಲ ಗೇರಿನಲ್ಲಿ ತೆವಳುತ್ತದೆ, ಆರನೆಯ ದಿನ ಮೈ ತೊಳೆಸಿಕೊಳ್ಳುತ್ತದೆ, ಏಳನೆಯ ದಿನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿರುತ್ತದೆ. ಕಾಡು ದಾರಿ, ಹಳ್ಳ, ಬಂಡೆ ಎಲ್ಲವೂ ಮುಂದಿನ ತಿಂಗಳು.

ಸ್ಟೆಪ್ನಿ ಎಂಬ ಮಾತಿಗೂ ಒಂದು ಊರಿದೆ. ವೇಲ್ಸ್ ನಾಡಿನ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಥಾಮಸ್ ಮಾರಿಸ್ ಡೇವಿಸ್ 1904ರಲ್ಲಿ ಕಾರುಗಳಿಗೆ ಹೆಚ್ಚುವರಿ ಚಕ್ರ ತಯಾರಿಸಿದ. ಆಗಿನ ಕಾರುಗಳು ಅಂಥ ಚಕ್ರವಿಲ್ಲದೆಯೇ ಬರುತ್ತಿದ್ದವು, ರಸ್ತೆಯ ತುಂಬ ಕುದುರೆ ಲಾಳದ ಮೊಳೆಗಳಿದ್ದವು, ವ್ಯಾಪಾರ ಕುದುರಿತು. ಹುಟ್ಟಿದ ನಾಡಿನಲ್ಲಿ ಹೆಚ್ಚುಕಡಿಮೆ ಮರೆತುಹೋದ ಆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಕನ್ನಡದ ಆಡುಮಾತಿನಲ್ಲಿ ಅದಕ್ಕೆ ಸಂಸಾರಸ್ಥರು ಮೆಲ್ಲಗೆ ಹೇಳುವ ಇನ್ನೊಂದು ಅರ್ಥವೂ ಇದೆ. ಸ್ಟೆಪ್ನಿಪತಿಯ ಹೆಂಡತಿಯನ್ನು ಕೇಳಿದರೆ ಎರಡು ಅರ್ಥಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ: ದುಡ್ಡು, ಭಾನುವಾರ, ಮನೆಯಲ್ಲಿ ಹೇಳುವ ಸುಳ್ಳು, ಎಲ್ಲವೂ ಎರಡಕ್ಕೂ ಒಂದೇ ಸಮ ಖರ್ಚಾಗುತ್ತವೆ.

ರೋಗ ಶುರುವಾಗುವುದು ಟೈರಿನಿಂದ. ಕಂಪನಿ ಕೊಟ್ಟ ಜಿಮ್ನಿ ಟೈರಿನ ಎತ್ತರ ಸುಮಾರು 69 ಸೆಂಟಿಮೀಟರ್, ಥಾರ್‌ನ 18 ಇಂಚಿನ ರಿಮ್ಮಿನದು ಸುಮಾರು 79. ಸಿಲ್ಕ್ ಬೋರ್ಡಿಗೆ ಇಷ್ಟು ಧಾರಾಳ ಸಾಕು. ಆದರೂ ಒಂದು ದಿನ 33 ಇಂಚಿನ, ಹಲಸಿನ ಮುಳ್ಳಿನಂಥ ಗುಬುಟುಗಳಿರುವ ಮಡ್ ಟೈರು ಬರುತ್ತದೆ. ಉಕ್ಕಿನ ರಿಮ್ಮಿನ ಸಮೇತ ಒಂದೊಂದೂ 40 ಕಿಲೋ ಆಸುಪಾಸು. ನಾಲ್ಕು ಕೆಳಗೆ ಕೂರುತ್ತವೆ. ಐದನೆಯದನ್ನು ಹಿಂಬಾಗಿಲಿಗೆ ತಗುಲಿಹಾಕಿದಾಗ ಬಾಗಿಲು ಒಮ್ಮೆ ನರಳುತ್ತದೆ.

ನರಳುವುದು ನ್ಯಾಯವೇ. ಆ ಬಾಗಿಲು, ಅದರ ಕೀಲು, ಕೀಲು ಕೂತಿರುವ ತೆಳು ತಗಡು ಎಲ್ಲವನ್ನೂ ಕಂಪನಿ ಲೆಕ್ಕ ಹಾಕಿರುವುದು ತಾನೇ ಕೊಟ್ಟ ಹಗುರ ಚಕ್ರಕ್ಕೆ. ಭಾರ ಹೆಚ್ಚಿದರೆ ಮೊದಲು ಬಾಗಿಲು ಜೋತು ಬೀಳುತ್ತದೆ, ಆಮೇಲೆ ರಬ್ಬರಿನ ಸಂದಿಯಿಂದ ಮಳೆನೀರು ಒಳಗೆ ಬರುತ್ತದೆ, ಕೊನೆಗೆ ಕೀಲಿನ ಬುಡದಲ್ಲಿ ತಗಡು ಬಿರುಕು ಬಿಡುತ್ತದೆ. ಅಗಲವಾದ ಚಕ್ರ ಕೆಳಗೆ ಬಂಪರಿಗೆ ಉಜ್ಜುತ್ತದೆ. ಅದನ್ನು ತಪ್ಪಿಸಲು ಮೇಲೆತ್ತಿ ಕೂರಿಸಿದರೆ ಹಿಂಗಾಜಿನಲ್ಲಿ ಟೈರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಪರಿಹಾರ ಮೂರು. ಮೊದಲನೆಯದು, ಬಾಗಿಲನ್ನೇ ಗಟ್ಟಿಮಾಡುವುದು: ಕೀಲಿಗೆ ಒಳಗಿನಿಂದ ದಪ್ಪ ಪ್ಲೇಟು ಕೊಟ್ಟು, ಚಕ್ರದ ಭಾರ ಬಾಗಿಲ ಚೌಕಟ್ಟಿಗೆಲ್ಲ ಹಂಚಿಹೋಗುವಂತೆ ಮಾಡುವುದು. ಎರಡನೆಯದು, ಬಾಡಿಯ ಮೂಲೆಗೆ ಬೋಲ್ಟು ಹಾಕಿ ಪ್ರತ್ಯೇಕ ಕೀಲಿನ ಮೇಲೆ ಚಕ್ರವನ್ನು ಹೊರಿಸುವುದು. ಮೂರನೆಯದು, ಚಾಸಿಗೆ ಬಿಗಿದ ಉಕ್ಕಿನ ಬಂಪರ್ ಮಾಡಿಸಿ, ಅದರ ಒಂದು ಕೊನೆಯಲ್ಲಿ ಗೂಟ ನೆಟ್ಟು, ಆ ಗೂಟದ ಸುತ್ತ ಗೇಟಿನಂತೆ ತಿರುಗುವ ತೋಳಿನ ಮೇಲೆ ಚಕ್ರ ಕೂರಿಸುವುದು. ಕಂಪನಿ ಅಳತೆಯ ಟೈರಿಗೆ ಏನೂ ಬೇಡ. ಒಂದು ಅಳತೆ ಹೆಚ್ಚಿದ್ದರೆ ಮೊದಲ ಉಪಾಯ ಸಾಕು. 33 ಇಂಚಿಗೆ, ಅದರ ಜೊತೆ ಡೀಸೆಲ್ ಕ್ಯಾನೂ ಜಾಕೂ ಹೊರಬೇಕಾದರೆ ಮಾತ್ರ ಮೂರನೆಯದು. ಎರಡನೆಯದು ಕಡಿಮೆ ಖರ್ಚಿನದಾಗಿ ಕಂಡರೂ ತಗಡಿನ ಮೇಲೆಯೇ ಭಾರ ಹೇರುವುದರಿಂದ ಅಷ್ಟು ನಂಬುವಂಥದ್ದಲ್ಲ. ಇಷ್ಟನ್ನು ಅರಿಯಲು ಅರ್ಧ ಗಂಟೆ ಹಿಡಿಯುತ್ತದೆ. ಸ್ಟೆಪ್ನಿಪತಿಗೆ ಎಂಟು ತಿಂಗಳು ಹಿಡಿಯುತ್ತದೆ, ಏಕೆಂದರೆ ಅವನು ಮೊದಲೇ ಮೂರನೆಯದನ್ನು ಆರಿಸಿಕೊಂಡು, ಅದಕ್ಕೆ ಕಾರಣ ಹುಡುಕುತ್ತಿರುತ್ತಾನೆ.

ಆ ಎಂಟು ತಿಂಗಳು ರಾತ್ರಿ ಹೊತ್ತು ಆಸ್ಟ್ರೇಲಿಯದ ಮರುಭೂಮಿಯ ವಿಡಿಯೋಗಳಲ್ಲಿ ಕಳೆಯುತ್ತವೆ. ಅಲ್ಲಿನವರು ನೂರಾರು ಕಿಲೋಮೀಟರ್ ಬಂಕ್ ಇಲ್ಲದ ದಾರಿಯಲ್ಲಿ ಹೋಗುವವರು. ಎರಡು ಸ್ಟೆಪ್ನಿ, ನಾಲ್ಕು ಕ್ಯಾನು ಅವರಿಗೆ ಬೇಕು. ತುಮಕೂರು ರಸ್ತೆಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಬಂಕು, ಬಂಕಿನ ಮಗ್ಗುಲಲ್ಲೇ ಪಂಕ್ಚರ್ ಅಂಗಡಿ. ಈ ವಿಷಯವನ್ನು ಯಾರಾದರೂ ಎತ್ತಿದರೆ, "ಇರ್ಲಿ ಬಿಡಿ, ಯಾವತ್ತಾದ್ರೂ ಲಡಾಖಿಗೆ ಹೋಗ್ಬೇಕು ಅಂತಿದೆ" ಎಂಬ ಉತ್ತರ ಬರುತ್ತದೆ. ಹೊರದೇಶದಿಂದ ಸಿದ್ಧ ಸಾಮಾನು ತರಿಸಲು ಸಾಗಣೆ, ಸುಂಕ ಸೇರಿಸಿ ಲೆಕ್ಕ ಹಾಕಿದ ರಾತ್ರಿ ನಿದ್ದೆ ಬರುವುದಿಲ್ಲ. ಜೀಪು ಕಟ್ಟುವುದಕ್ಕೆ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯವರೆಗೆ ಫೋನು ಹೋಗುತ್ತದೆ. ಕೊನೆಗೆ ಊರಿನ ವೆಲ್ಡರನ ಮುಂದೆ ಬಂದು ನಿಲ್ಲುವುದೇ ಹಣೆಬರಹ.

ವೆಲ್ಡರ್ ಚಿತ್ರವನ್ನು ಮೊಬೈಲಿನಲ್ಲಿ ಒಮ್ಮೆ ನೋಡಿ, ಬೀಡಿ ಕೆಳಗಿಟ್ಟು ಕೇಳುವ ಮೊದಲ ಪ್ರಶ್ನೆ: "ಸಾರ್, ಬಾಗ್ಲು ಯಾವ ಕಡೆ ತೆಗೆಯುತ್ತೆ?" ಎಂಟು ತಿಂಗಳ ವಿಡಿಯೋಗಳಲ್ಲಿ ಈ ಪ್ರಶ್ನೆ ಬಂದೇ ಇರುವುದಿಲ್ಲ. ಬಾಗಿಲಿನ ಕೀಲು ಯಾವ ಕಡೆಯೋ ತೋಳಿನ ಗೂಟವೂ ಅದೇ ಕಡೆ ಇರಬೇಕು. ಇಲ್ಲವಾದರೆ ತೋಳು ಒಂದು ಕಡೆಗೆ, ಬಾಗಿಲು ಇನ್ನೊಂದು ಕಡೆಗೆ ತೆರೆದುಕೊಂಡು, ನಡುವೆ ನಿಂತವನ ಸ್ಥಿತಿ ಅತ್ತೆ ಸೊಸೆಯ ನಡುವೆ ನಿಂತ ಮಗನದಾಗುತ್ತದೆ. ನಮ್ಮಲ್ಲಿ ವಾಹನ ಎಡಕ್ಕೆ ನಿಲ್ಲುವುದರಿಂದ, ಜಿಮ್ನಿಯಂತೆ ಬಲಗಡೆ ಕೀಲಿದ್ದರೆ ಫುಟ್‌ಪಾತಿನಿಂದಲೇ ಸಾಮಾನು ತುಂಬಬಹುದು.

ಮುಂದಿನದು ಗೂಟ. ಇಡೀ ಕೆಲಸದ ಪ್ರಾಣ ಇರುವುದು ಇಲ್ಲಿ. ಸ್ಟೆಪ್ನಿಪತಿಯ ಗಮನ ಮಾತ್ರ ಯಾವ ಬಣ್ಣ ಎಂಬುದರಲ್ಲಿರುತ್ತದೆ. ಚಕ್ರದ ನಡು ಗೂಟದಿಂದ 70 ಸೆಂಟಿಮೀಟರ್ ದೂರದಲ್ಲಿ ತೂಗುತ್ತದೆ ಎಂದುಕೊಂಡರೆ, 40 ಕಿಲೋ ಚಕ್ರ ಗೂಟವನ್ನು ಬಾಗಿಸಲು ಸದಾ ಎಳೆಯುತ್ತಿರುತ್ತದೆ. ಮೇಲಿನ ಬೇರಿಂಗಿಗೂ ಕೆಳಗಿನದಕ್ಕೂ ನಡುವೆ 15 ಸೆಂಟಿಮೀಟರ್ ಅಂತರವಿದ್ದರೆ ಒಂದೊಂದರ ಮೇಲೂ ಅಡ್ಡಕ್ಕೆ ಬೀಳುವ ಒತ್ತಡ ಸುಮಾರು 190 ಕಿಲೋ. ಅಂತರ 5 ಸೆಂಟಿಮೀಟರ್ ಆದರೆ 560. ತೋಳು ತೆರೆದು ಸುಮ್ಮನೆ ನಿಂತಾಗಿನ ಲೆಕ್ಕ ಇದು. ತೋಳಿನ ತುದಿಗೆ ಆಸರೆಯಿಲ್ಲದಿದ್ದರೆ ದಾರಿಯಲ್ಲಿ ಗುಂಡಿಗೆ ಬಿದ್ದ ಕ್ಷಣ ಎರಡು ಮೂರು ಪಟ್ಟಾಗುತ್ತದೆ. ಆದ್ದರಿಂದ ಗೂಟ ಉದ್ದವಾಗಿರಬೇಕು, ಟ್ರೇಲರ್ ಚಕ್ರದಲ್ಲಿರುವಂಥ ಟೇಪರ್ ರೋಲರ್ ಬೇರಿಂಗುಗಳ ಜೋಡಿ ಇರಬೇಕು, ಗ್ರೀಸ್ ನಿಪ್ಪಲ್ ಇರಬೇಕು, ನೀರು ಇಳಿಯದಂತೆ ಮೇಲೊಂದು ಟೊಪ್ಪಿ ಇರಬೇಕು. ಗೂಟದ ಬುಡ ಬಂಪರಿನ ಮೇಲ್ಮೈಯಲ್ಲಿ ಅಂಟಿಕೊಂಡಿದ್ದರೆ ಸಾಲದು. ಬಂಪರಿನ ಮೇಲಿನ ಪ್ಲೇಟನ್ನೂ ಕೆಳಗಿನದನ್ನೂ ತೂರಿಹೋಗಿ ಎರಡು ಕಡೆಯೂ ಬೆಸುಗೆಯಾಗಬೇಕು. ಗೇಟಿಗೆ ಹಾಕುವ ಕೀಲನ್ನೇ ಇದಕ್ಕೂ ಹಾಕಿಸಿಕೊಂಡ ಮಿತವ್ಯಯಿಗಳಿದ್ದಾರೆ. ಅಂಥವರ ಸ್ಟೆಪ್ನಿ ಮೊದಲ ಮಳೆಗಾಲ ಮುಗಿಯುವುದರೊಳಗೆ ನೆಲ ನೋಡಲು ಶುರುಮಾಡುತ್ತದೆ.

ಸಾಮಾನಿನ ಬೇಟೆಗೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ, ಶಿವಾಜಿನಗರದ ಗುಜರಿ ಸಾಲು, ಗೂಟ ಕಡೆಸಲು ಪೀಣ್ಯದ ಲೇತು. ಈ ಓಡಾಟದಲ್ಲಿ ಸ್ಟೆಪ್ನಿಪತಿ ಪೂರ್ತಿ ಬೇರೆ ಮನುಷ್ಯ. ಆಫೀಸಿನಲ್ಲಿ ಮೀಟಿಂಗು ಐದು ನಿಮಿಷ ಉದ್ದವಾದರೆ ಸಿಡುಕುವವನು ಲೇತಿನ ಮುಂದೆ ಮೂರು ಗಂಟೆ ಕಬ್ಬಿಣದ ಸಿಪ್ಪೆ ಸುರುಳಿ ಸುತ್ತುವುದನ್ನು ನೋಡುತ್ತ ನಿಲ್ಲುತ್ತಾನೆ. ಉಗುರಿನ ಸಂದಿಯಲ್ಲಿ ಗ್ರೀಸು ಕೂತ ಸೋಮವಾರ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟುಕೊಳ್ಳುತ್ತಾನೆ.

ತೋಳಿಗೆ 50 ಮಿಲಿಮೀಟರ್ ಚೌಕದ, 4 ಮಿಲಿಮೀಟರ್ ದಪ್ಪದ ಪೈಪು ಸಾಕು. ಮೀಟರಿಗೆ ಐದೂವರೆ ಕಿಲೋ ತೂಗುತ್ತದೆ. ಸ್ಟೆಪ್ನಿಪತಿ ಕೇಳುವುದು ಇದರ ಎರಡರಷ್ಟು ದಪ್ಪ. "ಇದೇನ್ ಸಾರ್, ಲಾರೀಗಾ?" ಎಂದು ವೆಲ್ಡರ್ ಕೇಳುವುದು ಈ ಘಟ್ಟದಲ್ಲಿ. ಚಕ್ರ ಹೊರುವ ಪ್ಲೇಟಿಗೆ ಐದು ಸ್ಟಡ್ಡುಗಳೂ ಬೇಕಿಲ್ಲ, ಮೂರು ಸಾಕು. ಹಳೆಯ ವಿಲೀಸ್ ಜೀಪು, ಜಿಪ್ಸಿ, ಜಿಮ್ನಿ ಮೂರರಲ್ಲೂ ಐದು ಸ್ಟಡ್ಡುಗಳು 139.7 ಮಿಲಿಮೀಟರ್ ವೃತ್ತದ ಮೇಲಿರುವುದರಿಂದ ಗುಜರಿಯ ಹಳೆ ಹಬ್ಬು ಒಮ್ಮೊಮ್ಮೆ ನೇರವಾಗಿ ಕೂತುಬಿಡುತ್ತದೆ. ಒಂದು ನಟ್ಟು ಮಾತ್ರ ಬೀಗದ್ದಾಗಿರಲಿ. ಹೊಸ ಮಡ್ ಟೈರು ಬೀದಿಯಲ್ಲಿ ಒಂಟಿಯಾಗಿ ರಾತ್ರಿ ಕಳೆಯುವ ವಸ್ತುವಲ್ಲ.

ತೋಳಿನ ತುದಿಯ ಚಿಲಕದ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕ. ಭಾರ ಹೊರುವುದು ಚಿಲಕದ ಕೆಲಸವಲ್ಲ. ಮುಚ್ಚುವಾಗ ತೋಳಿನ ತುದಿ ಇಳಿಜಾರಾದ ಒಂದು ಗುಟ್ಟದ ಮೇಲೆ ಹತ್ತಿ ಕೂರಬೇಕು, ತುದಿಯ ಭಾರವನ್ನೆಲ್ಲ ಗುಟ್ಟ ಹೊರಬೇಕು, ಚಿಲಕ ತೋಳನ್ನು ರಬ್ಬರಿಗೆ ಒತ್ತಿ ಹಿಡಿದಿರಬೇಕು, ಅಷ್ಟೇ. ಗುಟ್ಟವಿಲ್ಲದ ಕಡೆ ಪ್ರತಿ ಹಂಪಿಗೂ ಕಟಕಟ ಸದ್ದು ಬರುತ್ತದೆ. ಹಿಂದಿನ ಸೀಟಿನ ಅತ್ತೆಯವರು "ಏನೋ ಬಿತ್ತು ನೋಡಪ್ಪ" ಎಂದು ಮೈಸೂರಿನವರೆಗೂ ಹೇಳುತ್ತಿರುತ್ತಾರೆ. ತೆರೆದ ತೋಳನ್ನು ಹಿಡಿದು ನಿಲ್ಲಿಸಲು ಒಂದು ಪಿನ್ನು ಅಥವಾ ಗ್ಯಾಸ್ ಸ್ಟ್ರಟ್ ಕಡ್ಡಾಯ. ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿನ ತೋಳು ಯಾರ ಅಪ್ಪಣೆಗೂ ಕಾಯದೆ ತಾನೇ ತಿರುಗಿ ಬಂದು ಸೊಂಟಕ್ಕೆ ಬಡಿಯುತ್ತದೆ.

ಬೆಸುಗೆಯ ದಿನ ಬ್ಯಾಟರಿಯ ತಂತಿ ಬಿಚ್ಚಿಡಬೇಕು. ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಗೂಟಕ್ಕೆ ಎರಡು ದಿಕ್ಕಿನಿಂದಲೂ ರಸಮಟ್ಟ ಹಿಡಿದು ನೆಟ್ಟಗಿದೆಯೆಂದು ನೋಡಿ, ಮೊದಲು ಅಲ್ಲಲ್ಲಿ ಚುಕ್ಕಿ ಟ್ಯಾಕು ಹೊಡೆಸಬೇಕು. ಚಕ್ರ ಹೊರಿಸಿ, ತೋಳು ತಿರುಗಿಸಿ, ಹಿಂಬಾಗಿಲು ಪೂರ್ತಿ ತೆರೆಯುತ್ತದೆಯೇ ನೋಡಿದ ಮೇಲೆ ಬಂಪರ್ ಕಳಚಿ ದೂರ ಒಯ್ದು ಪೂರ್ತಿ ಬೆಸುಗೆ. ಒಂದೇ ಬದಿಗೆ ಉದ್ದಕ್ಕೆ ರಾಡು ಎಳೆದರೆ ಕಾದ ಲೋಹ ಆ ಕಡೆಗೇ ಸೆಳೆದುಕೊಳ್ಳುತ್ತದೆ, ನೆಟ್ಟಗಿದ್ದ ಗೂಟ ಓಲುತ್ತದೆ. ಎದುರುಬದುರು ಸ್ವಲ್ಪ ಸ್ವಲ್ಪವೇ ಹಾಕಿ ಆರಲು ಬಿಡಬೇಕು. ಇದನ್ನೆಲ್ಲ ಬಲ್ಲ ವೆಲ್ಡರನಿಗೆ ಸ್ಟೆಪ್ನಿಪತಿ ಪಕ್ಕದಲ್ಲಿ ಕೂತು ವಿಡಿಯೋ ತೋರಿಸುತ್ತಾನೆ. ವೆಲ್ಡರ್ ಮುಖಕ್ಕೆ ಗುರಾಣಿ ಹಿಡಿಯುವುದು ಕಿಡಿಯಿಂದ ತಪ್ಪಿಸಿಕೊಳ್ಳಲು ಮಾತ್ರವೇ ಎಂದು ಹೇಳುವುದು ಕಷ್ಟ.

ತೂಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಬೇಕು. ಬಂಪರು, ತೋಳು, ದೊಡ್ಡ ಚಕ್ರ, ತುಂಬಿದ 20 ಲೀಟರ್ ಕ್ಯಾನು ಎಲ್ಲ ಸೇರಿ 80 ಕಿಲೋ ಹೆಚ್ಚಾಗಿ, ಅದು ಹಿಂದಿನ ಅಚ್ಚಿನಿಂದ 90 ಸೆಂಟಿಮೀಟರ್ ಆಚೆ ತೂಗಿತು ಎನ್ನೋಣ. ಮೂರು ಬಾಗಿಲಿನ ಥಾರ್‌ನ ಎರಡು ಅಚ್ಚುಗಳ ನಡುವಿನ ದೂರ 2450 ಮಿಲಿಮೀಟರ್. ಏತದಂತೆ ಹಿಂದೆ ಭಾರ ಬಿದ್ದಷ್ಟೂ ಮುಂದೆ ಏಳುತ್ತದೆ: ಮುಂದಿನ ಚಕ್ರಗಳಿಂದ ಸುಮಾರು 29 ಕಿಲೋ ಭಾರ ಕಳೆದುಹೋಗುತ್ತದೆ, ಹಿಂದಿನವಕ್ಕೆ 109 ಸೇರುತ್ತದೆ. ಯಾವ ಏರು ಹತ್ತಲೆಂದು ಇಷ್ಟೆಲ್ಲ ಮಾಡಿಸಿದ್ದೋ ಆ ಏರಿನಲ್ಲೇ ಮುಂಚಕ್ರದ ಹಿಡಿತ ಕಡಿಮೆ. ಬಂಪರ್ ತಗ್ಗಿದ್ದರೆ ಹಳ್ಳದಿಂದ ಹತ್ತುವಾಗ ಅದರ ಮೂಲೆ ನೆಲ ಉಳುತ್ತದೆ.

ಕಾನೂನಿನ ಬಾಬತ್ತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ, ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಹೇಳಿದೆ. ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಕ್ಷೇಮ. ನಂಬರ್ ಪ್ಲೇಟು, ಹಿಂದೀಪ, ಬ್ರೇಕು ದೀಪ ಚಕ್ರದ ಮರೆಗೆ ಹೋಗುವಂತಿಲ್ಲ. ಸ್ಟೆಪ್ನಿಪತಿ ಟ್ರಾಫಿಕ್ ಪೊಲೀಸರನ್ನು ಕಂಡಾಗ ಜೀಪನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾನೆ.

ಗೋಡೆಯ ವಿಷಯ ಮನೆಯಲ್ಲೂ ಬರುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹಿಂದೆ ಕಂಬ, ಪಕ್ಕದಲ್ಲಿ ಮೂರನೆಯ ಮಹಡಿಯವರ ಹೊಸ ಕಾರು. ತೋಳು ತಿರುಗಲು ಒಂದು ಮೀಟರಿಗೂ ಹೆಚ್ಚು ಜಾಗ ಬೇಕು. "ರೀ, ಡಿಕ್ಕಿ ತೆಗೀರಿ, ತರಕಾರಿ ಇಡ್ಬೇಕು" ಎಂಬ ಮಾತಿಗೆ ಮೊದಲೆಲ್ಲ ಒಂದು ಕೈ ಸಾಕಿತ್ತು. ಈಗ ಜೀಪನ್ನು ಮುಂದಕ್ಕೆ ತರಬೇಕು, ಪಿನ್ನು ಕೀಳಬೇಕು, ಚಿಲಕ ಎತ್ತಬೇಕು, ತೋಳು ತಿರುಗಿಸಬೇಕು, ತಿರುಗಿದ್ದನ್ನು ನಿಲ್ಲಿಸಬೇಕು, ಆಮೇಲೆ ಬಾಗಿಲು. ಕೊತ್ತಂಬರಿ ಕಟ್ಟು ಅಷ್ಟರಲ್ಲಿ ಬಾಡಿರುತ್ತದೆ. ಸ್ವಲ್ಪ ದಿನಗಳಲ್ಲಿ ಚೀಲಗಳು ಹಿಂದಿನ ಸೀಟಿಗೆ ಹೋಗುತ್ತವೆ, ತೋಳು ನೆಂಟರು ಬಂದಾಗ ತೆರೆದು ತೋರಿಸುವ ವಸ್ತುವಾಗುತ್ತದೆ.

ಕೊನೆಗೂ ಒಂದು ಶನಿವಾರ ಕೊಡಚಾದ್ರಿ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರು, ಕಟ್ಟಿನಹೊಳೆ ಕಡೆಯಿಂದ ಬಾಡಿಗೆ ಜೀಪುಗಳು ಜನರನ್ನು ತುಂಬಿಕೊಂಡು ಏರಿಳಿಯುತ್ತವೆ. ಚಾಲಕರು ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಎಲೆಯಡಿಕೆ ಅಗಿಯುವವರು. ಅವರ ಸ್ಟೆಪ್ನಿ ಜೀಪಿನ ಮಗ್ಗುಲಿಗೆ ಬೋಲ್ಟಿನಲ್ಲಿ ಅಂಟಿಕೊಂಡಿರುತ್ತದೆ, ಇಲ್ಲವೇ ಸೀಟಿನ ಹಿಂದೆ ಹಗ್ಗದಲ್ಲಿ ಕಟ್ಟಿಸಿಕೊಂಡು ಮಲಗಿರುತ್ತದೆ. ಚಹಾ ಕುಡಿಯುತ್ತ ಅವರು ಸ್ಟೆಪ್ನಿಪತಿಯ ಗೂಟ, ಗುಟ್ಟ, ಚಿಲಕ ಎಲ್ಲವನ್ನೂ ಮುಟ್ಟಿ ನೋಡಿ ಮನಸಾರೆ ಹೊಗಳುತ್ತಾರೆ. ಹಿಂದಿರುಗಿ ಬಂದವನು ಆ ಹೊಗಳಿಕೆಯ ಮೇಲೆ ಆರು ತಿಂಗಳು ಬದುಕುತ್ತಾನೆ. ದಾರಿಯಲ್ಲಿ ಮೊಳೆ ಚುಚ್ಚಿಕೊಂಡರೂ ಟ್ಯೂಬ್‌ಲೆಸ್ ಟೈರಿಗೆ ರಬ್ಬರಿನ ಬತ್ತಿ ತುರುಕಿ ಗಾಳಿ ಹಾಕಿದರೆ ಹತ್ತು ನಿಮಿಷದ ಕೆಲಸ. ಸ್ಟೆಪ್ನಿ ಇಳಿಯುವ ಸಂದರ್ಭವೇ ಬರುವುದಿಲ್ಲ.

ಮಾಡಿಸಿದ ಮೇಲಿನ ಪಾಲನೆ ಸುಲಭ. ಮೊದಲ 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಬಿಗಿಯಬೇಕು. ಮಳೆಗಾಲಕ್ಕೆ ಮೊದಲೂ ಆಮೇಲೂ ಗೂಟಕ್ಕೆ ಗ್ರೀಸು ತುಂಬಬೇಕು. ಬೆಸುಗೆಯ ಬುಡದಲ್ಲಿ ಬಣ್ಣ ಬಿರಿದು ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಮೊದಲ ಸುಳಿವು, ಕೂಡಲೇ ತೋರಿಸಬೇಕು. ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಹೆಚ್ಚಿನ ಸ್ಟೆಪ್ನಿಪತಿಗಳು ನೋಡಿರುವುದಿಲ್ಲ.