ಪಿನ್ನಮ್ಮ

ಆಕೆಯ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ. ಅದನ್ನು ಓದಿದವನು ನ್ಯಾಯಬೆಲೆ ಅಂಗಡಿಯವನೊಬ್ಬನೇ. ನಮ್ಮ ತಾಂಡಾಕ್ಕೆಲ್ಲ ಆಕೆ ಪಿನ್ನಮ್ಮ. ಕರಿಮಣಿ ಸರದಲ್ಲಿ ಒಂಬತ್ತು, ಎಡಗೈ ಬಳೆಯಲ್ಲಿ ಐದು, ಸೆರಗಿನ ಒಳಮಗ್ಗುಲಲ್ಲಿ ಲೆಕ್ಕಕ್ಕೆ ಸಿಗದಷ್ಟು ಸೇಫ್ಟಿ ಪಿನ್ನು. ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂತು, ಪಿನ್ನಮ್ಮ ಇನ್ನೂ ವಿಮಾನ ಹತ್ತಿಲ್ಲ. ಹತ್ತಲು ಹೋದರೆ ಬಾಗಿಲಿನ ಯಂತ್ರ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವುದು ಖಂಡಿತ.

ಪಿನ್ನಮ್ಮನಿಗೆ ಒಂದೇ ಇಲಾಖೆ: ಮದುಮಗಳ ಬೆನ್ನು. ಯಾರದೋ ಮನೆಯಲ್ಲಿ ಮದುವೆ ಗೊತ್ತಾದರೆ, ಹುಡುಗ ಏನು ಮಾಡ್ತಾನೆ, ಜಮೀನು ಎಷ್ಟೈತಿ ಎಂದು ಉಳಿದವರು ಕೇಳುತ್ತಾರೆ. ಈಕೆ ಕೇಳುವುದು, "ಬ್ಲೌಸಿನ ಬೆನ್ನು ಎಷ್ಟು ಇಳಿಸ್ತಾರಂತೆ?" ಸಂಬಂಧ ಹತ್ತಿರದ್ದೇ ಆಗಬೇಕೆಂದಿಲ್ಲ. ಬೆನ್ನು ಕಂಡರೆ ಸಾಕು, ಸಂಬಂಧ ಆಮೇಲೆ ಕೂಡಿಬರುತ್ತದೆ.

ಫೆಬ್ರವರಿ ಬಂತೆಂದರೆ ನಮ್ಮ ಸೂರಗೊಂಡನಕೊಪ್ಪಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ಊರೆಂದು ಕರ್ನಾಟಕದ ತಾಂಡಾಗಳಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬಂಜಾರರು ಬಂದಿಳಿಯುತ್ತಾರೆ. ಸೇವಾಲಾಲರು ಮದುವೆಯಾಗದೆ ಉಳಿದವರು. ಅವರ ಜಯಂತಿಯಲ್ಲಿ ಮಾತ್ರ ಎಲ್ಲರ ಕಣ್ಣೂ ಹೆಣ್ಣು-ಗಂಡು ಹುಡುಕುವುದರಲ್ಲೇ. ಪಿನ್ನಮ್ಮ ಸೇವಾಲಾಲರಿಗೆ ಕೈಮುಗಿದು, ಮರಿಯಮ್ಮನ ಗುಡಿಗೂ ಅಡ್ಡಬಿದ್ದು, ಹೊರಗೆ ಬಂದು ನಿಲ್ಲುತ್ತಾಳೆ. ಡೀಪ್ ನೆಕ್ಕಿನ ಹುಡುಗಿಯೊಬ್ಬಳು ಮುಂದೆ ಹಾದರೆ, ಹಿಂದಿನಿಂದ ಬಂದು ದುಪಟ್ಟಾ ಎಳೆದು ಎರಡೂ ಹೆಗಲಿಗೆ ಪಿನ್ನು ಚುಚ್ಚಿ, "ಜಾರ್ತಿತ್ತು ಕಣವ್ವ" ಎಂದು ಜನರೊಳಗೆ ಕರಗಿಬಿಡುತ್ತಾಳೆ. ಆ ಹುಡುಗಿ ಸೊಲ್ಲಾಪುರದವಳೋ ನಿಜಾಮಾಬಾದಿನವಳೋ ಪಿನ್ನಮ್ಮನಿಗೆ ಬೇಕಿಲ್ಲ.

ಹೋದ ವರ್ಷ ನನ್ನ ತಂಗಿಯ ಮದುವೆ. ಬಟ್ಟೆಗೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೊರಟೆವು. ಪಿನ್ನಮ್ಮನನ್ನು ಯಾರೂ ಕರೆದಿರಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ನಮಗಿಂತ ಮೊದಲೇ ಕೂತಿದ್ದಳು.

ತಂಗಿ ಫೋನಿನಲ್ಲಿ ನೋಡಿಟ್ಟಿದ್ದ ಲೆಹೆಂಗಾ ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ಕೆಂಪು ಬಣ್ಣ, ನೆಟ್ ತೋಳು, ಬೆನ್ನಿಗೆ ಎರಡು ದಾರ, ದಾರದ ತುದಿಗೆ ಕುಚ್ಚು. ಪಿನ್ನಮ್ಮ ಬ್ಲೌಸನ್ನು ಹಿಂದೆ ಮುಂದೆ ತಿರುಗಿಸಿ, ಪೊಟ್ಟಣ ಕೊಡವಿ, ಕೇಳಿದಳು:

"ಇದರ ಉಳಿದ ಬಟ್ಟೆ ಎಲ್ಲಪ್ಪ?"

"ಅಷ್ಟೇ ಆಂಟಿ. ಮಾಡೆಲ್ಲೇ ಹಂಗೈತಿ."

"ಮಾಡೆಲ್ಲಿಗೆ ಮದುವಿ ಆಗೈತೇನು?"

ಹುಡುಗ ಸುಮ್ಮನಾದ. ಪಿನ್ನಮ್ಮನ ಪರೀಕ್ಷೆ ಶುರುವಾಯಿತು. ತಂಗಿ ಅದನ್ನು ಹಾಕಿಕೊಂಡು ಹಾರ ಹಾಕುವವಳಂತೆ ಎರಡೂ ಕೈ ಎತ್ತಬೇಕು, ಆಗ ತೋಳು ಹಿಡಿಯಬಾರದು, ಬ್ಲೌಸು ಮೇಲಕ್ಕೆ ಏರಬಾರದು. ಮಣೆಯ ಮೇಲೆ ಕೂರುವವಳಂತೆ ಕೂರಬೇಕು, ಆಗ ಹೊಲಿಗೆ ಚರ್ ಅನ್ನಬಾರದು. ಕೊನೆಗೆ ಅಂಗಡಿಯ ನಡುವೆಯೇ ಪಿನ್ನಮ್ಮನ ಕಾಲಿಗೆ ಬೀಳಬೇಕು. "ಅವತ್ತು ಇನ್ನೂರು ಜನರ ಕಾಲಿಗೆ ಬೀಳ್ತೀಯ. ಫೋಟೋದವನು ಎದುರಿಗೆ ಒಬ್ಬ, ಹಿಂದೆ ಒಬ್ಬ ನಿಂತಿರ್ತಾನ. ನೀನು ಮುಂದೆ ಅಷ್ಟೇ ನೋಡ್ಕೊಂಡ್ರೆ ಆಯ್ತಾ?" ಆಕೆಯ ಮಾತಿನ ಧಾಟಿ ಹೇಗಾದರೂ ಇರಲಿ, ಮದುವೆ ಬಟ್ಟೆಯನ್ನು ಕನ್ನಡಿ ಮುಂದೆ ನೆಟ್ಟಗೆ ನಿಂತಷ್ಟೇ ನೋಡಿ ಖರೀದಿಸಬಾರದು ಎಂಬ ವಿಷಯ ನನಗೆ ಗೊತ್ತಾದದ್ದು ಅವತ್ತೇ.

ಲೆಹೆಂಗಾ ಪಾಸಾಯಿತು, ಬೆನ್ನು ಫೇಲಾಯಿತು. ನ್ಯಾಮತಿಯ ಟೈಲರ್ ಹತ್ತಿರ ಹೋದೆವು. ಪಿನ್ನಮ್ಮನ ಮೊದಲ ಮಾತು, "ಒಳಗೆ ಬಟ್ಟೆ ಬಿಟ್ಟಾರೇನು ನೋಡು." ಟೈಲರ್ ಪಕ್ಕದ ಹೊಲಿಗೆ ಬಿಚ್ಚಿ ತೋರಿಸಿದ: ಅರ್ಧ ಬೆರಳಿನಷ್ಟೂ ಇರಲಿಲ್ಲ. ಅಷ್ಟರಲ್ಲಿ ಪಿನ್ನಮ್ಮನ ಕಣ್ಣು ಲೆಹೆಂಗಾದ ಅಂಚಿಗೆ ಬಿತ್ತು. ನನ್ನ ತಂಗಿ ಗಿಡ್ಡಿ. ಹೇಗೂ ಕೆಳಗೆ ನಾಲ್ಕು ಬೆರಳು ಕತ್ತರಿಸಬೇಕು. ಅದೇ ಬಣ್ಣ, ಅದೇ ಜರಿ. "ಕೆಳಗಿಂದು ತಗೊಂಡು ಮ್ಯಾಲೆ ಹಾಕು," ಎಂದಳು. ಟೈಲರ್ ಕತ್ತರಿ ಕೆಳಗಿಟ್ಟು ಪಿನ್ನಮ್ಮನಿಗೆ ಟೀ ತರಿಸಿದ.

ಬೆನ್ನು ಮುಚ್ಚಿತು. ಕಟ್ಟಲು ಏನೂ ಉಳಿಯದ ದಾರಗಳು ಕುಚ್ಚು ಹೊತ್ತು ಸುಮ್ಮನೆ ನೇತಾಡಿದವು. ಆಮೇಲೆ ನೆಟ್ ತೋಳಿಗೆ ಲೈನಿಂಗ್ ಬಂತು. ಕತ್ತು ಎರಡು ಬೆರಳು ಮೇಲೇರಿತು. ತಂಗಿ ಹಾಕಿಕೊಂಡು ನೋಡಿ, "ಇನ್ನು ಎರಡು ಜೇಬು ಇಟ್ರೆ ಡ್ಯೂಟಿಗೆ ಹೋಗಬಹುದು," ಎಂದು ಅಳತೊಡಗಿದಳು.

ಅಲ್ಲಿಂದ ಗುಪ್ತ ಸಮರ. ಬೆಳಿಗ್ಗೆ ಪಿನ್ನಮ್ಮ ಹೇಳಿದಂತೆ ಟೈಲರ್ ಹೊಲಿಯುತ್ತಿದ್ದ, ಸಂಜೆ ತಂಗಿ ಫೋನಿನಲ್ಲಿ ಹೇಳಿದಂತೆ ಬಿಚ್ಚುತ್ತಿದ್ದ. ಎರಡಕ್ಕೂ ಕೂಲಿ ಕೊಟ್ಟವನು ನಾನು. ಮದುವೆಗೆ ಮೂರು ದಿನ ಇದ್ದಾಗ ಬ್ಲೌಸು ಮನೆಗೆ ಬಂತು. ಬೆನ್ನು ಮೇಲರ್ಧ ತೆರೆದಿತ್ತು, ಕೆಳಗರ್ಧ ಮುಚ್ಚಿತ್ತು. ಇಬ್ಬರಿಗೂ ಸಿಟ್ಟು ಬಂತೆಂದರೆ ಟೈಲರ್ ನ್ಯಾಯವನ್ನೇ ಮಾಡಿದ್ದ ಎಂದಾಯಿತು.

ಜಗಳ ಅಂಗಳಕ್ಕೆ ಇಳಿಯಿತು. ಅಂಗಳದಲ್ಲಿ ನಮ್ಮಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ತಾಂಡಾದಲ್ಲಿ ಇವತ್ತಿಗೂ ಪೇಟಿಯಾ ಲಂಗ, ಕಾಂಚಳಿ ರವಿಕೆ ಬಿಡದವರು ಉಳಿದಿರುವುದೇ ನಾಲ್ಕೈದು ಜನ, ಅವರಲ್ಲಿ ಈಕೆ ಹಿರಿಯಳು. ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಜಿ-20 ಸಭೆಗೆ ಬಂದವರಿಗೆ ಹಂಪಿಯಲ್ಲಿ ಈ ಕಸೂತಿಯ 1755 ವಸ್ತು ಸಾಲಾಗಿಟ್ಟು ಗಿನ್ನೆಸ್ ದಾಖಲೆ ಮಾಡಿದರು ಎಂದು ನಾನೊಮ್ಮೆ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ: "ಹಾಕ್ಕೊಂಡವ್ರು ಎಷ್ಟು ಜನ?"

ಪಿನ್ನಮ್ಮ ಅಜ್ಜಿಗೆ ದೂರು ಕೊಟ್ಟಳು. "ನೋಡು ಯಾಡಿ, ನಿಮ್ಮ ಕಾಲದ ಮಾನ ಮರ್ಯಾದಿ ಇವಕ್ಕೆಲ್ಲಿ ಬರ್ಬೇಕು?"

ಅಜ್ಜಿ ಶೇಂಗಾದ ಮೊರ ಪಕ್ಕಕ್ಕಿಟ್ಟಳು. ತಲೆಯ ಮೇಲಿನ ಹೊದಿಕೆ, ಟುಕ್ರಿ, ತೆಗೆದು ಮಡಿಲಿಗೆ ಹಾಕಿಕೊಂಡು ನಮ್ಮ ಕಡೆ ಬೆನ್ನು ತಿರುಗಿಸಿದಳು. ಕಾಂಚಳಿಯ ಮುಂಭಾಗದಲ್ಲಿ ಕನ್ನಡಿ, ಕವಡೆ, ಹಳೆಯ ನಾಣ್ಯ, ಬೆರಳೂರಲು ಜಾಗವಿಲ್ಲದಷ್ಟು ಹೊಲಿಗೆ. ಹಿಂದೆ ನಾಲ್ಕು ದಾರ. ದಾರಗಳ ನಡುವೆ ಬಿಸಿಲುಂಡ, ಸುಕ್ಕುಗಟ್ಟಿದ ಬೆನ್ನು.

"ಅರವತ್ತು ವರ್ಷ ಗಾಳಿ ಆಡೈತಿ. ಮರ್ಯಾದಿ ಎಲ್ಲೂ ಹಾರಿಹೋಗಿಲ್ಲ."

ತಂಗಿ ಅಳು ನಿಲ್ಲಿಸಿದಳು. ಅಂಗಳದಲ್ಲಿ ಮೊದಲ ಸಲ ಪಿನ್ನಮ್ಮನ ಬಾಯಿಗೇ ಪಿನ್ನು ಬಿದ್ದಂತಾಯಿತು. ಅಜ್ಜಿ ಒಳಗೆ ಹೋಗಿ ಟ್ರಂಕಿನಿಂದ ತನ್ನ ಮದುವೆಯ ಟುಕ್ರಿ ತಂದಳು. ಅಂಚಿಗೆ ಗಾಜು, ನೆತ್ತಿಯ ಮೇಲೆ ಬರುವಲ್ಲಿ ಅಂಗೈಯಗಲ ಕಸೂತಿ, ಜೊತೆಗೆ ನುಸಿಗುಳಿಗೆಯ ವಾಸನೆ. ತಂಗಿಯ ತಲೆಯ ಮೇಲೆ ಹೊದಿಸಿದಳು. ಅದು ಹೆಗಲು ದಾಟಿ, ಟೈಲರನ ಒಪ್ಪಂದದ ಗೆರೆ ದಾಟಿ, ಸೊಂಟದವರೆಗೂ ಇಳಿಯಿತು. ಬೇಕೆಂದಾಗ ಬೆನ್ನು ಮುಚ್ಚುತ್ತದೆ, ಸೆಖೆಯಾದರೆ ಸರಿಸಿಕೊಳ್ಳಬಹುದು. ಇಷ್ಟಕ್ಕೇ ನಾನು ಮೂರು ವಾರ ಆಲ್ಟ್ರೇಷನ್ ದುಡ್ಡು ಕೊಟ್ಟಿದ್ದೆ.

ಪಿನ್ನಮ್ಮ ಸುತ್ತ ಒಂದು ಬಾರಿ ನಡೆದಳು. ಬಗ್ಗಿ ನೋಡಿದಳು, ಎದ್ದು ನೋಡಿದಳು. ಕೊರತೆ ಸಿಗಲಿಲ್ಲ. ಕೊನೆಗೆ ಕರಿಮಣಿ ಸರದಿಂದ ಎರಡು ಪಿನ್ನು ಬಿಚ್ಚಿ ಹಲ್ಲಿನ ನಡುವೆ ಕಚ್ಚಿಕೊಂಡು ಹೇಳಿದಳು:

"ಕನ್ನಡಿ ಭಾರಕ್ಕೆ ಜಾರ್ತೈತಿ. ಅಲ್ಲಾಡಬ್ಯಾಡ, ನಿಂದ್ರು."