ಎರೆಯ ಎರೆ: ಬೊಂಡಾಸ-ಪ್ರಲೋಭನ-ಮೀಮಾಂಸೆ

ಶಾಸ್ತ್ರವೆನಿಸಿಕೊಳ್ಳಲು ಅರ್ಹವಾದ ಯಾವ ಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸಿಯೇ ಮುಂದಡಿಯಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ಅದನ್ನು ಮೀರುವ ಧೈರ್ಯ ನನಗಿಲ್ಲ. ಈ ಪ್ರಬಂಧದ ವಿಷಯ, ಬೊಂಡಾಸನ್ನು ಹಿಡಿಯತಕ್ಕ ಕೃತಕ ಸಿಗಡಿಯ, ಅಂಗಡಿಯವರ ಮಾತಿನಲ್ಲಿ ಜಿಗ್ಗಿನ, ಆಯ್ಕೆ. ಪ್ರಯೋಜನ, ಹಾಗೆ ಹಿಡಿದ ಬೊಂಡಾಸನ್ನು ಕೊಯ್ದು ಗಾಳಕ್ಕೆ ಎರೆಯಾಗಿ ಪೋಣಿಸಿ ಮುರುಮೀನನ್ನೋ ಕೆಂಬೇರಿಯನ್ನೋ ಹಿಡಿಯುವುದು. ಸಂಬಂಧವೆಂದರೆ ಎರೆಗೂ ಎರೆಯ ಎರೆಗೂ ಇರುವ ಸಾಧ್ಯಸಾಧನಭಾವ. ಇನ್ನು ಅಧಿಕಾರಿ: ವೇದಾಂತಕ್ಕಾದರೆ ಶಮದಮಾದಿ ಸಂಪತ್ತುಳ್ಳವನು ಸಾಕು, ಈ ಶಾಸ್ತ್ರಕ್ಕೆ ಬರಿಯ ಸಂಪತ್ತುಳ್ಳವನೇ ಬೇಕು.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಮಂಗಳೂರು ಉಡುಪಿಗಳ ಕಡೆ ಬೊಂಡಾಸು ಎನ್ನುವುದು ಇಂಗ್ಲಿಷಿನವರು ಸ್ಕ್ವಿಡ್ ಎಂದು ಕರೆಯುವ ಪ್ರಾಣಿಯನ್ನು. ಅದರ ದಾಯಾದಿಯಾದ ಕಟ್ಲ್‌ಫಿಶ್‌ಗೆ ಕಪ್ಪೆ ಬೊಂಡಾಸು ಎಂದು ಹೆಸರು. ಎರಡೂ ಮೀನಲ್ಲ, ಬಸವನಹುಳುವಿನ ಕುಲದ ಮೃದ್ವಂಗಿಗಳು. ಎಂಟು ತೋಳು, ಬೇಟೆಗೆಂದೇ ಮೀಸಲಾದ ಎರಡು ನೀಳವಾದ ಹಿಡಿಗೈ, ಮೂರು ಹೃದಯ, ನೀಲಿ ಛಾಯೆಯ ರಕ್ತ, ಅನ್ನನಾಳವನ್ನು ಬಳೆಯಂತೆ ಸುತ್ತುವರಿದ ಮಿದುಳು: ಸೃಷ್ಟಿಕರ್ತನು ಬಿಡುವಾಗಿ ಕುಳಿತು ಕೆತ್ತಿದಂತೆ ಕಾಣುವ ಇಂಥ ಜೀವಿಯನ್ನು ನಾವು ಎರೆಗಾಗಿ ಹಿಡಿಯುವುದಕ್ಕೆ ಕಾರಣ, ಅದರ ಮಾಂಸ ಗಟ್ಟಿ. ಬೂತಾಯಿಯ ತುಂಡು ನಾಲ್ಕು ಅಲೆ ಬಡಿಯುವಷ್ಟರಲ್ಲಿ ಕೊಕ್ಕೆಯಿಂದ ಕಳಚಿಹೋದರೆ, ಬೊಂಡಾಸಿನ ಪಟ್ಟಿ ಮೀನು ಜಗ್ಗಿದರೂ ಕಚ್ಚಿಕೊಂಡಿರುತ್ತದೆ.

ಈ ಶಾಸ್ತ್ರಕ್ಕೆ ನನ್ನನ್ನು ತಳ್ಳಿದ್ದು ಜಿಜ್ಞಾಸೆಯಲ್ಲ, ಸಿಟ್ಟು. ದೀಪಾವಳಿಯ ಮರುವಾರ ಗಾಳದ ಸಾಮಾನು ಮಾರುವ ಒಂದು ಅಂಗಡಿಗೆ, ‘ಬೊಂಡಾಸು ಹಿಡಿಯಲು ಒಂದು ಜಿಗ್ ಕೊಡಿ’ ಎಂಬ ಒಂದೇ ವಾಕ್ಯದೊಡನೆ ಹೋದ ನಾನು, ಒಂದೂಮುಕ್ಕಾಲು ಗಂಟೆಯ ತರುವಾಯ ಏಳು ಜಿಗ್ಗುಗಳನ್ನೂ ಒಂದು ತಲೆನೋವನ್ನೂ ಹೊತ್ತುಕೊಂಡು ಹೊರಬಂದೆ. ಅಂಗಡಿಯ ತರುಣನೂ, ಅಲ್ಲಿಯೇ ಬೀಡುಬಿಟ್ಟಂತೆ ಕುಳಿತಿದ್ದ ಇಬ್ಬರು ಹಳೆಯ ಗಿರಾಕಿಗಳೂ ಸೇರಿ, ಗೋಲ್ಡ್ ಬೇಸು, ಮಾರ್ಬಲ್ ಬೇಸು, ಯು.ವಿ. ಗ್ಲೋ, ಪಿಂಕ್ ಕ್ಲಾತು ಎಂಬ ಮಂತ್ರಗಳನ್ನು ಘನಪಾಠಿಗಳಂತೆ ಹಿಂದುಮುಂದಾಗಿ ಪಠಿಸಿದರು. ಅಮಾವಾಸ್ಯೆಗೆ ಒಂದು ಬಣ್ಣ, ಹುಣ್ಣಿಮೆಗೆ ಇನ್ನೊಂದು, ಸಂಧ್ಯಾಕಾಲಕ್ಕೆ ಮತ್ತೊಂದು ಎಂದು ವಿಧಿಸಿದರು. ತಪ್ಪು ಬಣ್ಣದ ಜಿಗ್ಗನ್ನು ಎಸೆದವನ ಕಡೆಗೆ ಬೊಂಡಾಸು ತಿರುಗಿಯೂ ನೋಡದೆಂದು ಹೆದರಿಸಿದರು. ಈ ವರ್ಷ ತಾವು ಎಷ್ಟು ಹಿಡಿದಿರಿ ಎಂದು ನಾನು ಕೇಳಿದಾಗ ಮಾತ್ರ ಮೂವರೂ ಗಾಳಿಯ ದಿಕ್ಕಿನ ಚರ್ಚೆಗೆ ತೊಡಗಿದರು. ಅಂತಹ ಪಾಂಡಿತ್ಯಕ್ಕೆ ತಕ್ಕ ಭಾಷ್ಯವೊಂದು ಇಲ್ಲದಿರುವುದು ನಾಡಿಗೆ ಕೊರತೆಯೆಂದು ಈ ಯತ್ನ.

ಮೊದಲು ಲಕ್ಷಣ. ತಿನ್ನತಕ್ಕುದಲ್ಲದಿದ್ದರೂ ತಿನ್ನತಕ್ಕುದೆಂಬ ಭ್ರಮೆಯನ್ನು ಹುಟ್ಟಿಸುತ್ತ, ಒಡಲಿನಲ್ಲಿ ಮುಳ್ಳುಳ್ಳದ್ದು ಪ್ರಲೋಭಕ. ‘ಮುಳ್ಳುಳ್ಳದ್ದು’ ಎಂಬ ವಿಶೇಷಣವನ್ನು ಬಿಟ್ಟರೆ ಹಜಾರದ ಮೇಜಿನ ಪ್ಲಾಸ್ಟಿಕ್ ದ್ರಾಕ್ಷಿಯಲ್ಲಿ ಅತಿವ್ಯಾಪ್ತಿ ಬರುತ್ತದೆ. ಬಿಡದಿದ್ದರೆ ಕಂತಿನ ಸಾಲದ ಜಾಹೀರಾತಿನಲ್ಲಿ ಬರುತ್ತದೆ. ಈ ದೋಷವನ್ನು ಪರಿಹರಿಸುವ ಶಕ್ತಿ ನನಗಿಲ್ಲವಾಗಿ ಮುಂದೆ ಹೋಗುತ್ತೇನೆ.

ಇತಿಹಾಸವಾದರೆ ಜಪಾನಿನದು. ಅಲ್ಲಿಯ ಕ್ಯೂಶೂ ದ್ವೀಪದ ದಕ್ಷಿಣ ತುದಿಯ ಸತ್ಸುಮಾ ಪ್ರಾಂತದಲ್ಲಿ, ರಾತ್ರಿ ಬೆಸ್ತರ ಕೈಯಿಂದ ಜಾರಿ ಕಡಲಿಗೆ ಬಿದ್ದ ಕೊಳ್ಳಿಯ ತುಂಡನ್ನು ಬೊಂಡಾಸೊಂದು ಬಂದು ಅಪ್ಪಿಕೊಂಡಿತೆಂದೂ, ಅದನ್ನು ಕಂಡವರು ಮರವನ್ನು ಸಿಗಡಿಯಾಕಾರಕ್ಕೆ ಕೆತ್ತಿ, ಬೆಂಕಿಯಲ್ಲಿ ಸುಟ್ಟು ಕಲೆ ಮೂಡಿಸಿ, ಬಾಲಕ್ಕೆ ಮುಳ್ಳು ಸಿಕ್ಕಿಸಿದರೆಂದೂ ಪ್ರತೀತಿ. ಅದಕ್ಕೆ ಅವರಿಟ್ಟ ಹೆಸರು ‘ಎಗಿ’. ಪದವಿಭಾಗ ಮಾಡಿದರೆ ‘ಎರೆಯ ಮರ’ ಎಂದೇ ಅರ್ಥ. ಇಂದಿಗೂ ಅದರ ನಂಬರು ಅವರ ಹಳೆಯ ಅಳತೆಯಾದ ‘ಸುನ್’ನಲ್ಲಿ, ಒಂದು ಸುನ್ನಿಗೆ ಸುಮಾರು 3 ಸೆಂಟಿಮೀಟರು. ಎಂದರೆ ಅಂಗಡಿಯ 3.5ರ ನಂಬರಿನ ಜಿಗ್ಗು ಹತ್ತೂವರೆ ಸೆಂಟಿಮೀಟರಿನದು. ಸುಟ್ಟ ಮರದ ತುಂಡಿಗೆ ಬಣ್ಣವಿದ್ದುದು ಒಂದೇ, ಕಪ್ಪು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಬೊಂಡಾಸು ಪ್ಲಾಸ್ಟಿಕ್ಕಿನಲ್ಲಿ ಸಿಗಡಿಯನ್ನು ಕಾಣುವುದಾದರೂ ಹೇಗೆ? ಚಿಪ್ಪಿನಲ್ಲಿ ಬೆಳ್ಳಿ ತೋರುವ ದೃಷ್ಟಾಂತವನ್ನು ಹಿಡಿದು ಶತಮಾನಗಳ ಕಾಲ ಜಗಳವಾಡಿದ ನಮ್ಮ ದರ್ಶನಕಾರರು, ಕಡಲ ದಂಡೆಯ ಚಿಪ್ಪಿನವರೆಗೆ ಬಂದೂ ಇನ್ನೊಂದು ಮಾರು ನೀರಿಗಿಳಿಯದೆ ಹೋದದ್ದು ಶಾಸ್ತ್ರಕ್ಕೆ ತುಂಬಲಾರದ ನಷ್ಟ. ಇಳಿದಿದ್ದರೆ ಅದ್ವೈತಿಗಳು, ಜಿಗ್ಗಿನಲ್ಲಿ ತೋರಿದ ಸಿಗಡಿ ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ ಎನ್ನುತ್ತಿದ್ದರು. ನೈಯಾಯಿಕರು, ಬೇರೆಲ್ಲೋ ಕಂಡ ಸಿಗಡಿ ಇಲ್ಲಿ ತೋರಿತು, ಇದು ಅನ್ಯಥಾಖ್ಯಾತಿ ಎನ್ನುತ್ತಿದ್ದರು. ವಿಶಿಷ್ಟಾದ್ವೈತಿಗಳು ಸತ್ಖ್ಯಾತಿಯನ್ನು ಹಿಡಿದು, ಪ್ಲಾಸ್ಟಿಕ್ಕಿನಲ್ಲಿಯೂ ಕಿಂಚಿತ್ ಸಿಗಡಿಯ ಅಂಶ ಇದ್ದೇ ಇದೆ ಎನ್ನುತ್ತಿದ್ದರು. ಸಿಗಡಿಯ ವಾಸನೆ ಬಳಿದ ಜಿಗ್ಗನ್ನು ನೂರು ರೂಪಾಯಿ ಹೆಚ್ಚಿಗೆ ಮಾರಿದ ಅಂಗಡಿಯ ತರುಣನು ಈ ಪಂಥದವನೆಂದು ಕಾಣುತ್ತದೆ. ನನ್ನ ಮಟ್ಟಿಗೆ, ನಾನು ಗಾಳ ಹಾಕುವ ಮಲ್ಪೆಗೆ ಹರದಾರಿಯಾಚೆಯ ಉಡುಪಿಯ ದ್ವೈತ ಸಿದ್ಧಾಂತವೇ ಪ್ರಮಾಣ: ತೋರಿದ ಸಿಗಡಿ ಅತ್ಯಂತ ಅಸತ್, ತೋರಲು ಆಸರೆಯಾದ ಜಿಗ್ಗು ಮಾತ್ರ ಸತ್ಯ. ಅದಕ್ಕೆ ತೆತ್ತ ಹಣವೂ ಸತ್ಯ.

ಇನ್ನು ವರ್ಣಪ್ರಕರಣ. ಜಿಗ್ಗಿನ ಬಣ್ಣ ದ್ವಿವಿಧ: ಒಳಗಿನ ಹಾಳೆಯದು ಅಂತರ್ವರ್ಣ, ಮೇಲಿನ ಬಟ್ಟೆಯದು ಬಹಿರ್ವರ್ಣ. ಅಂತರ್ವರ್ಣ ಐದು, ಬಹಿರ್ವರ್ಣ ಆರು, ಕಾಲಭೇದ ನಾಲ್ಕು, ತಿಳಿನೀರು ಕದಡುನೀರು ಎಂಬ ಜಲಭೇದ ಎರಡು, ಗುಣಿಸಿದರೆ 240. ಮುಳ್ಳಿನ ಸಾಲು ಒಂದೋ ಎರಡೋ ಎಂಬುದನ್ನೂ ಕೂಡಿಸಿಕೊಂಡರೆ 480 ಪ್ರಭೇದಗಳು. ಇವುಗಳಲ್ಲಿ ಪ್ರಥಮವು ಸುವರ್ಣಗರ್ಭ-ಕುಸುಂಭಾಂಬರ-ಪ್ರಾತಃಕಾಲೀನ-ಸ್ವಚ್ಛೋದಕೀಯ-ಏಕಪಂಕ್ತಿಕ. ದ್ವಿತೀಯವು ಅದೇ, ಆದರೆ ದ್ವಿಪಂಕ್ತಿಕ. ತೃತೀಯವು ಸುವರ್ಣಗರ್ಭ-ಕುಸುಂಭಾಂಬರ-ಪ್ರಾತಃಕಾಲೀನ-ಕಲುಷೋದಕೀಯ... ಮಿಕ್ಕ 477ನ್ನು ಓದುಗರು ಊಹಿಸಿಕೊಳ್ಳತಕ್ಕದ್ದು. ನನಗೆ ಬೇಸರವಾಯಿತು.

ಬೇಸರಕ್ಕೆ ಕಾರಣವೂ ಇದೆ. ಬೊಂಡಾಸಿಗೆ ಬಣ್ಣ ಕಾಣುವುದಿಲ್ಲ.

ನಮ್ಮ ಕಣ್ಣಿನಲ್ಲಿ ಬಣ್ಣವನ್ನು ಬೇರ್ಪಡಿಸುವ ದೃಗ್ದ್ರವ್ಯಗಳು ಮೂರು. ಬೊಂಡಾಸುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ. ಜಪಾನಿನ ಆಳದ ಕಡಲಿನಲ್ಲಿರುವ ಮಿಂಚುಹುಳು-ಬೊಂಡಾಸಿಗೆ ಮೂರಿವೆ ಎಂದು ಪೂರ್ವಪಕ್ಷಿಗಳು ಎದ್ದು ನಿಲ್ಲಬಹುದು. ಅದು ಮಲ್ಪೆಯ ಕಲ್ಲಿನ ದಂಡೆಗೆ ಬಂದಾಗ ಉತ್ತರ ಹೇಳೋಣ. ಬೊಂಡಾಸಿಗೆ ಕಾಣುವುದು ಬೆಳಕು-ಕತ್ತಲೆಯ ಅಂತರ, ಆಕಾರ, ಚಲನೆ. ಅಲ್ಲದೆ ಬೆಳಕಿನ ಧ್ರುವೀಕರಣ, ಅದು ನಮಗೆ ಕಾಣದು. ಆದುದರಿಂದ ತೆಳುವಣ್ಣ ಗಾಢವಣ್ಣ ಎಂಬಷ್ಟಕ್ಕೆ ಕದಡುನೀರಿನಲ್ಲಿ ಅರ್ಥವುಂಟು. ಕುಸುಂಭವೋ ಪಾಟಲವೋ ಎಂಬ ವಿವಾದವೆಲ್ಲ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿಂತ ದ್ವಿಪಾದ ಪ್ರಾಣಿಯೊಂದಕ್ಕೆ ಸಂಬಂಧಿಸಿದ್ದು. ಆ ಪ್ರಾಣಿ ಏಳು ಸಲ ಕಚ್ಚಿತು.

ಏಳು ಜಿಗ್ಗುಗಳೊಡನೆ ಒಂದು ಸಂಜೆ ದಂಡೆಯ ಕಲ್ಲುಗಳ ಮೇಲೆ ನಿಂತೆ. ಎರಡು ಕಲ್ಲಿನ ಸಂದಿಗೆ ಬಲಿಯಾದವು. ಹತ್ತು ಮಾರು ಆಚೆ ಒಬ್ಬ ಅಜ್ಜ, ರಾಡೂ ಇಲ್ಲ ರೀಲೂ ಇಲ್ಲ, ಕೈಗೆ ಸುತ್ತಿಕೊಂಡ ದಾರದಲ್ಲಿ ಮೂರು ಬೊಂಡಾಸು ಹಿಡಿದಿದ್ದರು. ಅವರ ಜಿಗ್ಗಿನ ಬಟ್ಟೆ ಎಂದೋ ಕಿತ್ತುಹೋಗಿ, ಆ ಜಾಗದಲ್ಲಿ ಹಳೆಯ ಪಂಚೆಯ ಅಂಚಿನಿಂದ ಹರಿದ ಬಿಳಿಯ ಪಟ್ಟಿ ಸುತ್ತಿತ್ತು.

‘ಅಜ್ಜ, ಈ ಹೊತ್ತಿಗೆ ಯಾವ ಬಣ್ಣ ಒಳ್ಳೆಯದು?’ ಎಂದೆ.

‘ಬಣ್ಣ ಯಾವುದಾದ್ರೆ ಎಂತ ಮಾರಾಯ್ರೆ? ಅದು ಕೆಳಗೆ ಇಳಿಯುವಾಗ ನೀವು ಎಳೀತೀರಿ. ಇಳಿಯುವಾಗಲೇ ಅಲ್ವಾ ಅದು ಹಿಡಿಯುವುದು!’

ಇಡೀ ಶಾಸ್ತ್ರದಲ್ಲಿ ಪ್ರಯೋಜನವುಳ್ಳ ವಾಕ್ಯ ಅದೊಂದೇ. ಜಿಗ್ಗನ್ನು ಒಮ್ಮೆ ಜಗ್ಗಿ, ಆಮೇಲೆ ಕೈಬಿಟ್ಟು, ತಲೆ ಕೆಳಗಾಗಿ ತಾನಾಗಿ ಇಳಿಯಗೊಡಬೇಕು, 3.5ರ ನಂಬರಿನದು ಒಂದು ಮೀಟರು ಇಳಿಯಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಆ ಮೂರು ಸೆಕೆಂಡಿನ ಸುಮ್ಮನಿರುವಿಕೆಯಲ್ಲಿಯೇ ಹಿಡಿಗೈಗಳು ಚಾಚಿಕೊಳ್ಳುತ್ತವೆ. ಬೊಂಡಾಸು ಬಿದ್ದ ಮೇಲೆ ದಾರ ಸಡಿಲಾಗಕೂಡದು, ಏಕೆಂದರೆ ಜಿಗ್ಗಿನ ಮುಳ್ಳುಗಳಿಗೆ ಮೀನುಗಾಳದ ಹಿಂಗೊಕ್ಕೆ ಇಲ್ಲ. ಇದನ್ನು ಹೇಳಿಕೊಡಲು ಹಣ ಬೇಡವಾದುದರಿಂದ ಅಂಗಡಿಯಲ್ಲಿ ಹೇಳಿಕೊಡಲಿಲ್ಲ.

ಅಜ್ಜ ಒಂದನ್ನು ಎರೆಗಾಗಿ ಕೊಯ್ದರು. ತಲೆಯನ್ನು ಹಿಡಿದೆಳೆದರೆ ಕರುಳೂ ಮಸಿಯ ಚೀಲವೂ ಒಟ್ಟಿಗೆ ಬಂದವು. ಬೆನ್ನೊಳಗಿಂದ ಗಾಜಿನ ಗರಿಯಂತಹ ತೆಳ್ಳನೆಯ ಎಲುಬನ್ನು ಸೆಳೆದು ಕಲ್ಲಿನ ಮೇಲಿಟ್ಟರು. ತೊಗಲನ್ನು ಸುಲಿದು ಬಿಳಿಯ ಮಾಂಸವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದರು. ಸುಲಿದ ತೊಗಲು ಕಲ್ಲಿನ ಮೇಲೆ ಬಿದ್ದಿತ್ತು. ಅದರ ಕೆಂಪು ಕಂದು ಚುಕ್ಕೆಗಳು ಇನ್ನೂ ಅರಳುತ್ತಿದ್ದವು, ಮುದುಡುತ್ತಿದ್ದವು, ಮತ್ತೆ ಅರಳುತ್ತಿದ್ದವು. ಮೈತುಂಬ ಬಣ್ಣ ಹೊತ್ತು, ಗಳಿಗೆಗೊಮ್ಮೆ ಅದನ್ನು ಬದಲಿಸುತ್ತ, ಆ ಬಣ್ಣವನ್ನು ತಾನು ಮಾತ್ರ ನೋಡಲಾರದ ಪ್ರಾಣಿ. ನಾನು ಈ ಪ್ರಬಂಧವನ್ನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು.

ನಿಲ್ಲಿಸಲಾಗದ್ದು ದಿಗಂತದಲ್ಲಿ ಹೊತ್ತಿಕೊಂಡ ದೀಪಗಳಿಂದ. ಕತ್ತಲಾದ ಮೇಲೆ ಕಡಲಿನ ಅಂಚಿನಲ್ಲಿ ಬಿಳಿಯ ಬೆಳಕು ಜಾತ್ರೆಯಂತೆ ಎದ್ದಿತು. ಎಲ್ಇಡಿ ದೀಪ ಉರಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ. ಅಜ್ಜನಿಗೆ ಆ ಆದೇಶ ಗೊತ್ತು, ದೀಪಗಳಿಗೆ ಗೊತ್ತಿಲ್ಲ. ಬೆಳಕಿಗೆ ಮರುಳಾಗುವುದು ಬೊಂಡಾಸಿನ ಹುಟ್ಟುಗುಣ. ದೊಡ್ಡದು, ಸಣ್ಣದು, ಮೊಟ್ಟೆಯದು ಎಂಬ ವಿಭಾಗಗಳಾವುವೂ ಆ ದೀಪದಡಿಯ ಬಲೆಗಿಲ್ಲ. 480 ಪ್ರಭೇದಗಳ ಪಾಂಡಿತ್ಯ ಒಂದು ಜನರೇಟರಿನ ಮುಂದೆ ಮುಗಿಯಿತು. ಇದಕ್ಕೂ ಕ್ರೂರವಾದ ಪ್ರಲೋಭಕ ಇನ್ನೊಂದುಂಟು, ಅದಕ್ಕೂ ಬಣ್ಣ ಬಳಿಯುವುದಿಲ್ಲ. ಕಪ್ಪೆ ಬೊಂಡಾಸಿನ ಹೆಣ್ಣು ಮೊಟ್ಟೆಗಳನ್ನು ಅಂಟಿಸಲು ಕಡಲಡಿಯಲ್ಲಿ ಕೊಂಬೆಯಂತಹ ಆಸರೆಯೊಂದನ್ನು ಹುಡುಕುತ್ತದೆ ಎಂದು ತಿಳಿದವರು, ನಮ್ಮ ಕರಾವಳಿಯಾಚೆಯ ನೀರಿನಲ್ಲಿ ತೆಂಗಿನ ಹೊಂಬಾಳೆಗಳನ್ನು ಕಟ್ಟಿ, ಭಾರ ಹೇರಿ, ಮುಳುಗಿಸುತ್ತಾರೆ. ಮದುವೆಯ ಚಪ್ಪರಕ್ಕೆ ಕಟ್ಟುವ ಹೊಂಬಾಳೆ! ಬಸುರಿ ತವರಿಗೆ ಬಂದಂತೆ ಅದು ಬರುತ್ತದೆ, ಗಾಳ ಕಾಯುತ್ತಿರುತ್ತದೆ. ಬೊಂಡಾಸಿನ ಆಯುಸ್ಸು ಸುಮಾರಾಗಿ ಒಂದು ವರ್ಷ, ಮೊಟ್ಟೆಯಿಟ್ಟು ಸಾಯುತ್ತದೆ. ಈ ವರ್ಷದ ತಾಯಿಯನ್ನು ಮೊಟ್ಟೆಗೆ ಮೊದಲೇ ಎತ್ತಿದರೆ ಬರುವ ವರ್ಷಕ್ಕೆ ಹಿಂದಣ ವರ್ಷದ್ದೆಂದು ಉಳಿದಿರುವುದು ಒಂದೂ ಇಲ್ಲ. ಇದನ್ನು ಲೆಕ್ಕಹಾಕಲು ನ್ಯಾಯಶಾಸ್ತ್ರ ಬೇಡ. ಅಕ್ಕಿ ಡಬ್ಬಿಗೆ ಕೈಹಾಕಿದ ಹೆಂಗಸಿಗೆ ಗೊತ್ತಾಗುವ ಲೆಕ್ಕ.

ನನಗೆ ಆ ಸಂಜೆ ಏನೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಎರೆ ಕೊಳ್ಳಲು ಮೀನಿನ ಮಾರುಕಟ್ಟೆಗೆ ಹೋದೆ. ‘ಇದಕ್ಕಿಂತ ದೊಡ್ಡ ಬೊಂಡಾಸು ಇಲ್ಲವೇ ಅಕ್ಕ?’ ಎಂದೆ.

‘ಎರೆಗಲ್ವಾ ಅಣ್ಣ, ಅದಕ್ಕೆ ಇದೇ ಸಾಕು. ದೊಡ್ಡದು ಈಗ ಎಲ್ಲಿ ಬರ್ತದೆ?’ ಎಂದು ಆಕೆ ಒಂದು ಹಿಡಿ ತೆಗೆದು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದಳು.

ಮನೆಗೆ ಬಂದು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಉಳಿದ ಐದು ಜಿಗ್ಗುಗಳ ಪೈಕಿ 3.5ರ ನಂಬರಿನದರ ಪಕ್ಕದಲ್ಲಿಟ್ಟು ನೋಡಿದೆ. ಜಿಗ್ಗೇ ಉದ್ದವಾಗಿತ್ತು.